ಸೂರ್ಯನೇ ಕಾಣದ ಹದಿನೇಳು ತಾಸು

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ಮೇಲೇರಿತು. ಎಲ್ಲೂ ಇಳಿಯದೆ ಬೆಂಗಳೂರಿಗೆ ಅದರ ಮೊದಲ ಹಾರಾಟ. ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರೇ. ಕೆಂಪೇಗೌಡ ವಿಮಾನ ನಿಲ್ದಾಣ ಮುಟ್ಟಿದಾಗ 11ರ ನಸುಕು. ಹಾಗಾದರೆ 10ನೇ ತಾರೀಖಿನ ಹಗಲು ಎಲ್ಲಿ ಹೋಯಿತು? ಅವರ ಪಾಲಿಗೆ ಅದು ಬರಲೇ ಇಲ್ಲ! ಅಮೆರಿಕದ ರಾತ್ರಿಯಲ್ಲಿ ಹೊರಟವರು ತಿಂಗಳುಗಟ್ಟಲೆ ಕತ್ತಲಲ್ಲಿರುವ ಧ್ರುವಪ್ರದೇಶ ಹೊಕ್ಕರು. ಆಚೆ ಬದಿಯಲ್ಲಿ ಇಳಿಯುವಷ್ಟರಲ್ಲಿ ಏಷ್ಯಾದಲ್ಲೂ ಕತ್ತಲಾಗಿತ್ತು. ಹದಿನೇಳು ತಾಸಿಗೂ ಮಿಕ್ಕಿದ ಒಂದೇ ರಾತ್ರಿ.

ಉತ್ತರಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಗೋಡೆಯ ನಕ್ಷೆ ನೋಡಿದರೆ ಉತ್ತರ ಸಿಗದು. ಗ್ಲೋಬಿನ ಮೇಲೆ ಎರಡೂ ಊರಿಗೆ ಒಂದು ದಾರ ಬಿಗಿಯಾಗಿ ಹಿಡಿಯಿರಿ. ದಾರ ಹಿಮಾಲಯ ಹತ್ತಿ, ಟಿಬೆಟ್, ಮಂಗೋಲಿಯಾ ದಾಟಿ, ಸೈಬೀರಿಯಾದ ನೆತ್ತಿ ಸವರಿ ಅಲಾಸ್ಕಾಕ್ಕೆ ಇಳಿಯುತ್ತದೆ! ಸುಮಾರು 14,000 ಕಿ.ಮೀ. ಇದಕ್ಕಿಂತ ಹತ್ತಿರದ ದಾರಿ ಭೂಮಿಯ ಮೇಲಿಲ್ಲ.

ಆದರೆ ವಿಮಾನ ಆ ದಾರದ ಜಾಡಿನಲ್ಲೂ ಹೋಗಲಿಲ್ಲ. ನನಗೆ ರೋಮಾಂಚನವಾದದ್ದು ಇಲ್ಲಿಯೇ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ ಸುಮಾರು ಮೂರು ಕಿ.ಮೀ. ಎತ್ತರಕ್ಕೆ ಇಳಿಯಬೇಕು, ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಜೊತೆಗೆ ಹತ್ತು ಹನ್ನೆರಡು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಜೆಟ್ ಪ್ರವಾಹ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದೂ ಉಂಟು. ಅಮೆರಿಕಕ್ಕೆ ಹೋಗುವಾಗ ಪೆಸಿಫಿಕ್ ಮೇಲೆ ಅದೇ ಗಾಳಿ ಬೆನ್ನಿಗೆ ನಿಂತು ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಅದನ್ನು ತಪ್ಪಿಸಲೆಂದೇ ಧ್ರುವದ ಸುತ್ತುದಾರಿ. ಕಿಲೋಮೀಟರ್ ಹೆಚ್ಚು, ಇಂಧನ ಕಡಿಮೆ!

ಆ ದಾರಿಯೂ ಸುಲಭದ್ದಲ್ಲ. ಕಾಂತೀಯ ದಿಕ್ಸೂಚಿ ಅಲ್ಲಿ ನಂಬಿಕೆಗೆ ಅರ್ಹವಲ್ಲ, ಲೆಕ್ಕವೆಲ್ಲ ನಿಜವಾದ ಉತ್ತರದ ಆಧಾರದಲ್ಲಿ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗತೊಡಗುತ್ತದೆ. ರೆಕ್ಕೆಯ ಹೊರಗಿನ ಚಳಿ ಅದಕ್ಕಿಂತಲೂ ಘೋರ. ಟ್ಯಾಂಕಿನ ಉಷ್ಣತೆ ಇಳಿಯುತ್ತಾ ಬಂದರೆ ಪೈಲಟ್ ತುಸು ಬೆಚ್ಚಗಿನ ಗಾಳಿ ಹುಡುಕಿಕೊಂಡು ಎತ್ತರ ಬದಲಿಸಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಜೋರಾಗಿ ಹಾರಿದಷ್ಟೂ ಗಾಳಿ ರೆಕ್ಕೆಯನ್ನು ಬಿಸಿ ಮಾಡುತ್ತದೆ, ಗೊತ್ತೇ?

ಇಂಥ ದೂರದ ವಿಮಾನ ಹತ್ತಿದರೆ ಸಿನಿಮಾ ಆಮೇಲೆ ನೋಡಿ. ಎದುರಿನ ಪರದೆಯಲ್ಲಿ ಹಾರಾಟದ ನಕ್ಷೆ ತೆರೆಯಿರಿ. ಹೊರಗಿನ ಉಷ್ಣತೆ, ಎದುರುಗಾಳಿಯ ವೇಗ, ಉಳಿದ ದೂರ ಮೂರನ್ನೂ ಒಟ್ಟಿಗೆ ಗಮನಿಸಿ. ಪಕ್ಕದಲ್ಲಿ ಮಕ್ಕಳಿದ್ದರೆ ಅವರಿಗೂ ತೋರಿಸಿ.