ಹಿಂದಿನ ಬಾಗಿಲ ಗಾಜು ಎಲ್ಲಿಯವರೆಗೆ ಇಳಿಯುತ್ತದೆ?

ಟೌನ್‌ಹಾಲ್ ಬಳಿ ಬಸ್ ಇಳಿದು, ರವೀಂದ್ರ ಕಲಾಕ್ಷೇತ್ರ ದಾಟಿ, ಮಿನರ್ವ ಸರ್ಕಲ್ ಕಡೆಗೆ ನಡೆದರೆ ಎರಡೂ ಬದಿಯಲ್ಲಿ ಕಾರಿನ ಸಾಮಾನುಗಳೇ. ಸೀಟ್ ಕವರ್, ಕಾಲಡಿಯ ಮ್ಯಾಟ್, ಹಾರ್ನ್, ಹೆಡ್‌ಲೈಟ್, ಸ್ಪೀಕರ್. ಬೆಂಗಳೂರಿನ ಜೆ.ಸಿ. ರಸ್ತೆಗೆ ಜನ ಹೆಚ್ಚಾಗಿ ಬಿಡಿಭಾಗ ಹುಡುಕಿಕೊಂಡು ಬರುತ್ತಾರೆ. ನಾನು ಬಂದದ್ದು ಒಂದು ಬಾಗಿಲು ನೋಡಲು: ದುಬಾರಿ ಸೆಡಾನ್‌ಗಳ ಹಿಂದಿನ ಬಾಗಿಲು, ಅದರ ಗಾಜು, ಆ ಗಾಜಿನ ಪಕ್ಕ ಕೂರುವವರಿಗೆ ಸಿಗುವ ಜಾಗ.

ನಮ್ಮಲ್ಲಿ ಅರ್ಧ ಕೋಟಿ, ಒಂದು ಕೋಟಿ ಕೊಟ್ಟು ಸೆಡಾನ್ ಕೊಳ್ಳುವವರಲ್ಲಿ ಡ್ರೈವರ್ ಇಟ್ಟುಕೊಂಡವರು ಬಹಳ. ಹಣ ಕೊಟ್ಟವರು ಕೂರುವುದು ಹಿಂದೆ. ಕಂಪನಿಗಳಿಗೂ ಇದು ಚೆನ್ನಾಗಿ ಗೊತ್ತು. ಮರ್ಸಿಡಿಸ್ ಬೆಂಜ್ 2017ರಲ್ಲಿ ಇ-ಕ್ಲಾಸ್‌ನ ಉದ್ದನೆಯ ಮಾದರಿಯನ್ನು ಇಲ್ಲಿಗೆ ತಂದಿತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,939 ಮಿ.ಮೀ. ಇದ್ದದ್ದು 3,079 ಆಯಿತು. ಬಿಎಂಡಬ್ಲ್ಯು 2024ರ ಜುಲೈನಲ್ಲಿ ತನ್ನ 5 ಸೀರೀಸ್‌ನ ಉದ್ದನೆಯ ಮಾದರಿಯನ್ನು ಬಿಡುಗಡೆ ಮಾಡಿತು. ಅದರ ಅಂತರ 3,105 ಮಿ.ಮೀ., ಜೋಡಣೆ ಚೆನ್ನೈನಲ್ಲಿ. ಹೀಗೆ ಹೆಚ್ಚಿಸಿದ ಉದ್ದವೆಲ್ಲ ಹಿಂದಿನ ಸೀಟಿನವರ ಮೊಣಕಾಲಿಗೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದೂ ಇದೇ ಅಂಕಿ. ಆದರೆ ಕಾಲು ಚಾಚಲು ಜಾಗ ಸಿಕ್ಕ ಮೇಲೆ ಮನುಷ್ಯ ಮಾಡುವ ಮೊದಲ ಕೆಲಸ ಹೊರಗೆ ನೋಡುವುದು. ಆ ನೋಟ ಹೇಗಿದೆ, ಎಷ್ಟಿದೆ ಎಂಬುದನ್ನು ಯಾವ ಬ್ರೋಷರೂ ಹೇಳುವುದಿಲ್ಲ. ಹಿಂದಿನ ಸೀಟಿನ ಸುಖದಲ್ಲಿ ಅರ್ಧ ಪಾಲು ಗಾಜಿನದ್ದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮುಖ್ಯರಸ್ತೆ ಬಿಟ್ಟು ಅಡ್ಡರಸ್ತೆಗೆ ತಿರುಗಿದರೆ ಒಂದು ಗ್ಯಾರೇಜು. ಕಪ್ಪು ಎಸ್-ಕ್ಲಾಸ್ ಒಂದರ ಹಿಂದಿನ ಬಾಗಿಲಿನ ಒಳಪ್ಯಾಡ್ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಚರ್ಮದ ಹೊದಿಕೆ, ಮರದ ಪಟ್ಟಿ, ಸ್ಪೀಕರ್ ಜಾಲರಿ ಎಲ್ಲ ಆ ಪ್ಯಾಡಿನ ಜೊತೆಗೇ ಹೋಗಿತ್ತು. ಉಳಿದದ್ದು ತಗಡು, ವೈರು, ಮೋಟಾರು, ಎರಡು ಉಕ್ಕಿನ ಹಗ್ಗ, ಮಧ್ಯೆ ಗಾಜು. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ವಿಂಡೋ ಮಷೀನ್’. ಸ್ವಿಚ್ ಒತ್ತಿದರೆ ಮೋಟಾರು ಹಗ್ಗವನ್ನು ಎಳೆಯುತ್ತದೆ, ಹಗ್ಗಕ್ಕೆ ಕಚ್ಚಿಕೊಂಡ ಎರಡು ಹಿಡಿಗಳು ಗಾಜನ್ನು ಮೇಲೆ ಕೆಳಗೆ ಒಯ್ಯುತ್ತವೆ.

“ಕೈ ಇಟ್ಟು ನೋಡಿ ಸರ್” ಎಂದು ಮೆಕ್ಯಾನಿಕ್ ಗಾಜಿನ ಅಂಚನ್ನು ತೋರಿಸಿದರು. ದೂರದಿಂದ ಚಪ್ಪಟೆಯಾಗಿ ಕಾಣುವ ಗಾಜು ಮುಟ್ಟಿದರೆ ಬಾಗಿದೆ. ಕಾರಿನ ಮೈ ಮೇಲೆ ಹೋದಂತೆ ಒಳಕ್ಕೆ ವಾಲುವುದರಿಂದ ಗಾಜಿಗೂ ಅದೇ ಬಾಗು ಬೇಕು. ಬಾಗಿದ ಗಾಜು ನೇರವಾಗಿ ಇಳಿಯಲಾರದು. ತನ್ನದೇ ಬಾಗಿನ ದಾರಿಯಲ್ಲಿ ಬಾಗಿಲೊಳಗೆ ಜಾರಬೇಕು. ಆ ದಾರಿಯನ್ನು ಕಾಯುವುದು ಎರಡು ಬದಿಯ ರಬ್ಬರು, ನಮ್ಮವರು ಬೀಡಿಂಗ್ ಎನ್ನುವುದು. ಅದರ ಒಳಮೈಗೆ ವೆಲ್ವೆಟ್ಟಿನಂಥ ನವಿರಾದ ನಾರು ಅಂಟಿಸಿರುತ್ತಾರೆ. ಈ ಕಾರಿನ ಬೀಡಿಂಗಿನಲ್ಲಿ ಆ ನಾರು ಸವೆದು, ಧೂಳು ಕೂತು ಗಟ್ಟಿಯಾಗಿತ್ತು. ಗಾಜು ತಡೆದು ತಡೆದು ಇಳಿಯುತ್ತಿತ್ತು. ಮೋಟಾರು ಕೆಟ್ಟಿದೆ ಎಂದು ಮಾಲೀಕರು ಕಳಿಸಿದ್ದರಂತೆ. ಮೋಟಾರು ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ರಬ್ಬರು. ವರ್ಷಕ್ಕೊಮ್ಮೆ ಬೀಡಿಂಗ್ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದರೆ ಈ ಖರ್ಚು ಬಹುಪಾಲು ತಪ್ಪುತ್ತದೆ.

ಆ ಬಾಗಿಲಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಇನ್ನೊಂದು ಸಂಗತಿಯನ್ನು. ಗಾಜು ಒಂದಲ್ಲ, ಎರಡು. ಇಳಿಯುವ ದೊಡ್ಡ ಗಾಜಿನ ಹಿಂದೆ ಒಂದು ಕಪ್ಪು ಪಟ್ಟಿ, ಅದರಾಚೆ ಅಲುಗಾಡದ ಪುಟ್ಟ ತ್ರಿಕೋನ ಗಾಜು. ಇದಕ್ಕೆ ಕ್ವಾರ್ಟರ್ ಗ್ಲಾಸ್ ಎಂದು ಹೆಸರು. ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಸೆಡಾನಿನ ಹಿಂದಿನ ಬಾಗಿಲ ಕೆಳಮೂಲೆಯನ್ನು ಹಿಂದಿನ ಚಕ್ರದ ಕಮಾನು ತಿಂದುಹಾಕಿರುತ್ತದೆ. ಬಾಗಿಲು ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನಷ್ಟೇ ಅಗಲದ ಗಾಜು ಕೆಳಗಿಳಿದರೆ ಕಮಾನಿಗೆ ತಾಗಿ ನಿಲ್ಲುತ್ತದೆ. ಅದಕ್ಕೇ ಹಿಂದಿನ ತುಂಡನ್ನು ಕತ್ತರಿಸಿ ಅಲ್ಲೇ ನಿಲ್ಲಿಸುತ್ತಾರೆ. ಉಳಿದ ಕಿರಿದಾದ ಗಾಜು ಕೆಳಕ್ಕೆ ಹೋಗುತ್ತದೆ. ಹೀಗೆ ಮಾಡಿಯೂ ಎಷ್ಟೋ ಕಾರುಗಳಲ್ಲಿ ಗಾಜು ಪೂರ್ತಿ ಇಳಿಯದು, ಮೇಲೆ ಒಂದಷ್ಟು ಉಳಿದುಬಿಡುತ್ತದೆ. ಉದ್ದನೆಯ ಮಾದರಿಗಳಲ್ಲಿ ಬಾಗಿಲೇ ಉದ್ದವಾಗುವುದರಿಂದ ಚಕ್ರದ ಕಮಾನಿನ ಕಾಟ ಕಡಿಮೆ. ಕಾಲಿನ ಜಾಗಕ್ಕೆಂದು ಎಳೆದ ಉದ್ದ ಗಾಜಿಗೂ ಒದಗುತ್ತದೆ ಎಂಬುದು ನನಗೆ ಆ ಗ್ಯಾರೇಜಿನಲ್ಲಿ ಸ್ಪಷ್ಟವಾಯಿತು.

ಗಾಜಿನ ಕೆಳಮೂಲೆಯಲ್ಲಿ ಸಣ್ಣ ಅಕ್ಷರದ ಮುದ್ರೆ ಇರುತ್ತದೆ. ಬಹುತೇಕ ಕಾರುಗಳಲ್ಲಿ ಅಲ್ಲಿ ‘ಟೆಂಪರ್ಡ್’ ಎಂದಿರುತ್ತದೆ, ಅಂದರೆ ಒಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗುವ ಗಾಜು. ಈ ಕಾರಿನದು ‘ಲ್ಯಾಮಿನೇಟೆಡ್’: ಎರಡು ತೆಳು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ. ರಸ್ತೆಯ ಗದ್ದಲವನ್ನು ಹೀರಿಕೊಳ್ಳುವುದು ಆ ಪದರವೇ. ಕಳ್ಳನಿಗೂ ಇದು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಒಂದು ಮಾತು ಪ್ರತಿ ಮಾಲೀಕರಿಗೂ ತಿಳಿದಿರಬೇಕು: ಇಂಥ ಗಾಜು ಸೀಳಿದರೂ ಪದರಕ್ಕೆ ಅಂಟಿಕೊಂಡೇ ನಿಲ್ಲುತ್ತದೆ. ಕಾರು ನೀರಿಗೆ ಬಿದ್ದಾಗ ಪುಟ್ಟ ಸುತ್ತಿಗೆಯಿಂದ ಒಡೆದು ಹೊರಬರುವ ಉಪಾಯ ಇಲ್ಲಿ ನಡೆಯುವುದು ಕಷ್ಟ. ನಿಮ್ಮ ಕಾರಿನ ಯಾವ ಕಿಟಕಿ ಯಾವ ಬಗೆಯದೆಂದು ಇವತ್ತೇ ಆ ಮುದ್ರೆ ಓದಿ ತಿಳಿದುಕೊಳ್ಳಿ.

ಗಾಜು ಇಳಿಸುವ ಸದ್ದನ್ನೇ ಅಡಗಿಸಲು ಹೊರಟ ಕಾರು ಒಂದಿತ್ತು. 1963ರಲ್ಲಿ ಬಂದ ಮರ್ಸಿಡಿಸ್ 600. ಅದರಲ್ಲಿ ಕಿಟಕಿಗೆ ವಿದ್ಯುತ್ ಮೋಟಾರು ಇಲ್ಲ. ಒತ್ತಡದ ಎಣ್ಣೆಯ ಬಲದಿಂದ ಗಾಜು ಸದ್ದಿಲ್ಲದೆ ಏರಿಳಿಯುತ್ತಿತ್ತು. ಸೀಟು, ಡಿಕ್ಕಿಯ ಮುಚ್ಚಳಕ್ಕೂ ಅದೇ ಎಣ್ಣೆ. ಬೆರಳು ಸಿಕ್ಕಿದರೆ ದೇವರೇ ಗತಿ ಎನ್ನುವಷ್ಟು ಬಲ. ಇಂದಿನ ದುಬಾರಿ ಸೆಡಾನ್‌ಗಳ ಮೋಟಾರು ಗಾಜುಗಳು ಏನಾದರೂ ಅಡ್ಡ ಬಂದರೆ ತಾವೇ ಹಿಂದೆ ಸರಿಯುತ್ತವೆ. ಮಕ್ಕಳು ಕೂರುವ ಸೀಟಿಗೆ ನಾನು ಈ ಮೋಟಾರನ್ನೇ ಮೆಚ್ಚುತ್ತೇನೆ.

ಅಲ್ಲಿಂದ ಹೊರಟು ದಕ್ಷಿಣ ಬೆಂಗಳೂರಿನಲ್ಲಿ ಹಳೆಯ ಐಷಾರಾಮಿ ಕಾರುಗಳನ್ನು ಮಾರುವ ಅಂಗಳಕ್ಕೆ ಹೋದೆ. ಇಂಥ ಕಡೆ ಒಂದು ಅನುಕೂಲ: ಬೇರೆ ಬೇರೆ ಕಂಪನಿಗಳ ಕಾರುಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ, ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಬಹುದು. ಬಾಗಿಲು ಮುಚ್ಚಿಕೊಂಡು ಪ್ರತಿಯೊಂದರಲ್ಲೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮೊದಲು ಮೇಬ್ಯಾಕ್ ಹೆಸರಿನ ಎಸ್-ಕ್ಲಾಸ್, 2015ರ ಸುಮಾರಿಗೆ ಬಂದ ಪೀಳಿಗೆಯದು. ಚಕ್ರಗಳ ಅಂತರ 3,365 ಮಿ.ಮೀ.; ಉದ್ದನೆಯ ಎಸ್-ಕ್ಲಾಸ್‌ಗಿಂತಲೂ 200 ಮಿ.ಮೀ. ಹೆಚ್ಚು. ಇದರ ಹಿಂದಿನ ಬಾಗಿಲು ಮಾತ್ರ ಎಸ್-ಕ್ಲಾಸ್‌ನದಕ್ಕಿಂತ ಚಿಕ್ಕದು. ತ್ರಿಕೋನ ಗಾಜನ್ನು ಬಾಗಿಲಿನಿಂದ ತೆಗೆದು ಹಿಂದಿನ ಕಂಬಕ್ಕೆ ಕೂರಿಸಿದ್ದಾರೆ. ಸೀಟು ಬಾಗಿಲಿಗಿಂತ ಹಿಂದಕ್ಕೆ ಸರಿದಿದೆ. ಒರಗಿ ಕೂತಾಗ ತಲೆ ಕಂಬದ ಮರೆಗೆ ಬರುತ್ತದೆ, ಕಣ್ಣಿನ ಪಕ್ಕಕ್ಕೆ ಆ ಪುಟ್ಟ ಗಾಜು. ಹೊರಗಿನವರಿಗೆ ನೀವು ಕಾಣುವುದಿಲ್ಲ, ನಿಮಗೆ ಹೊರಗಿನದು ಬೇಕಾದಷ್ಟು ಕಾಣುತ್ತದೆ. ಪರದೆ ಎಳೆಯದೆ ಮರೆ ಒದಗಿಸಿದ ಈ ಯೋಚನೆಗೆ ತಲೆಬಾಗಬೇಕು. ಆದರೆ ನಿಮ್ಮ ಪಕ್ಕದ ಗಾಜು ಇಳಿಯುವುದಿಲ್ಲ. ಗಾಳಿ ಬೇಕೆಂದರೆ ಮುಂದಕ್ಕೆ ಬಾಗಬೇಕು.

ಪಕ್ಕದಲ್ಲಿದ್ದ ಲೆಕ್ಸಸ್ ಇಎಸ್ ನಮ್ಮ ಊರಿನದೇ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಇದರ ತಯಾರಿಕೆ 2020ರಲ್ಲಿ ಶುರುವಾಯಿತು. ಚಕ್ರಗಳ ಅಂತರ 2,870 ಮಿ.ಮೀ. ಮಾತ್ರ, ಜರ್ಮನ್ ಕಾರುಗಳೆದುರು ಕಾಗದದ ಮೇಲೆ ಸೋಲು. ಒಳಗೆ ಕೂತರೆ ಆ ಸೋಲು ಅಷ್ಟಾಗಿ ತಿಳಿಯುವುದಿಲ್ಲ. ಎಂಜಿನ್ನಿನ ಬಲ ಮುಂದಿನ ಚಕ್ರಕ್ಕೇ ಹೋಗುವುದರಿಂದ ಹಿಂದಿನ ನೆಲದ ನಡುವಿನ ದಿಬ್ಬ ತಗ್ಗು. ಹಿಂದಿನ ಚಕ್ರ ಎಳೆಯುವ ಜರ್ಮನ್ ಸೆಡಾನ್‌ಗಳಲ್ಲಿ ಅಡಿಯಲ್ಲಿ ಶಾಫ್ಟ್ ಹಾದುಹೋಗುವುದರಿಂದ ಆ ದಿಬ್ಬ ಸಾಕಷ್ಟು ಎತ್ತರ. ನಡುವೆ ಕೂತ ಮೂರನೆಯವರಿಗೆ ಕಾಲಿಡಲು ಎಲ್ಲೂ ಜಾಗವಿಲ್ಲ. ಎಷ್ಟು ಉದ್ದದ ಕಾರಾದರೂ ಅವು ನನ್ನ ಲೆಕ್ಕದಲ್ಲಿ ಇಬ್ಬರ ಕಾರುಗಳು.

ಸಾಲಿನ ಕೊನೆಯ ಸೆಡಾನಿಗೆ ಒಂದು ಕುಟುಂಬ ಬಂದಿತ್ತು. ಮಗ ಮುಂದೆ ಕೂತು ಮೈಲೇಜು, ಸರ್ವೀಸ್ ದಾಖಲೆ ವಿಚಾರಿಸುತ್ತಿದ್ದರೆ ಹಿಂದೆ ಕೂತ ವಯಸ್ಸಾದ ತಂದೆ ಗಾಜಿನ ಸ್ವಿಚ್ ಒತ್ತಿ ಹಿಡಿದರು. ಗಾಜು ಮುಕ್ಕಾಲಿಗೆ ಬಂದು ನಿಂತಿತು.

“ಏನಪ್ಪಾ, ಇದು ಇಷ್ಟೇನಾ ಇಳಿಯೋದು?”

“ಇಷ್ಟೇ ಸರ್. ಕೆಳಗೆ ಚಕ್ರ ಅಡ್ಡ ಬರತ್ತೆ” ಎಂದ ಸೇಲ್ಸ್‌ನ ಹುಡುಗ.

ಅವರು ಮೊಣಕೈಯನ್ನು ಗಾಜಿನ ಅಂಚಿಗೆ ಇಡಲು ನೋಡಿದರು, ಆಗಲಿಲ್ಲ. ಅಂಚು ಅವರ ಭುಜಕ್ಕೆ ಬರುತ್ತಿತ್ತು. ಈಚಿನ ಸೆಡಾನ್‌ಗಳ ದೊಡ್ಡ ತೊಂದರೆ ಇದು. ಪಕ್ಕದಿಂದ ಗುದ್ದು ಬಿದ್ದರೆ ತಡೆಯಲೆಂದು, ನೋಟಕ್ಕೂ ಚೆನ್ನ ಎಂದು ಬಾಗಿಲಿನ ತಗಡು ಮೇಲೇರಿದೆ, ಗಾಜು ಕಿರಿದಾಗಿದೆ, ಹಿಂದಿನ ಕಂಬ ದಪ್ಪವಾಗಿದೆ, ಛಾವಣಿ ಹಿಂದಕ್ಕೆ ಇಳಿಜಾರಾಗಿದೆ. ಎತ್ತರದವರಿಗೆ ತಲೆ ತಾಗುತ್ತದೆ. ಕುಳ್ಳಗಿರುವವರಿಗೆ, ಮಕ್ಕಳಿಗೆ ಹೊರಗೆ ಕಾಣುವುದು ಮರದ ತುದಿ, ಕಟ್ಟಡದ ಮೇಲ್ಮಹಡಿ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ನ ಎತ್ತರದ ಸೋಫಾ ಸೀಟಿನಲ್ಲಿ ಕೂತು ಬೆಳೆದವರಿಗೆ ಈ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಅಂಬಾಸಿಡರ್ ಸದ್ದು ಮಾಡುತ್ತಿತ್ತು, ಕುಲುಕುತ್ತಿತ್ತು, ಸುರಕ್ಷತೆಯಲ್ಲಂತೂ ಇಂದಿನ ಕಾರುಗಳ ಹತ್ತಿರಕ್ಕೂ ಬಾರದು. ಆದರೆ ಹಿಂದೆ ಕೂತವರು ರಸ್ತೆಯಲ್ಲಿ ನಡೆಯುವವರ ಮುಖ ನೋಡುತ್ತ ಹೋಗುತ್ತಿದ್ದರು.

ಬಿಸಿಲಿನ ವಿಷಯಕ್ಕೆ ಬಂದರೆ ಮತ್ತೆ ಜೆ.ಸಿ. ರಸ್ತೆಯೇ. ಇಲ್ಲಿನ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಕಪ್ಪು ಫಿಲ್ಮ್ ಹಾಕಿಸುವುದು ದೊಡ್ಡ ವ್ಯಾಪಾರ. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ 70, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇ 50 ಬೆಳಕು ಹಾಯಬೇಕು. ನಿಯಮಕ್ಕೆ ಮುಂದೆ ತಿದ್ದುಪಡಿ ಬಂತು. ಈ ಮಿತಿಯೊಳಗಿನ ಫಿಲ್ಮ್ ಹಾಕಬಹುದು ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಮಿತಿಯ ಅಂಕಿಗಳು ಮಾತ್ರ ಹಾಗೇ ಇವೆ, ಅವು ಸರಿಯಾಗಿಯೂ ಇವೆ. ಒಳಗಿರುವವರು ಯಾರೆಂದು ಹೊರಗೆ ಕಾಣದ ಕಾರು ಯಾವ ಊರಿಗೂ ಒಳ್ಳೆಯದಲ್ಲ. ಬಿಸಿಲಿಗೆ ಕಂಪನಿಯವರೇ ಕೊಡುವ ಸುರುಳಿ ಪರದೆ ಇದೆ. ಅದರಲ್ಲೂ ಒಂದು ವಿವರ ಗಮನಿಸಿ: ಎಷ್ಟೋ ಕಾರುಗಳಲ್ಲಿ ಪರದೆ ದೊಡ್ಡ ಗಾಜಿಗೆ ಮಾತ್ರ, ತ್ರಿಕೋನ ಗಾಜು ಬರಿದು. ಸಂಜೆ ನಾಲ್ಕರ ಓರೆ ಬಿಸಿಲು ಆ ಸಂದಿಯಿಂದಲೇ ಬಂದು ನೇರ ಕೆನ್ನೆಗೆ ಹೊಡೆಯುತ್ತದೆ. ಎರಡಕ್ಕೂ ಪರದೆ ಇಟ್ಟ ಕಾರಿನವರು ಹಿಂದೆ ಕೂತು ಯೋಚಿಸಿದ್ದಾರೆ ಎಂದರ್ಥ.

ಉದ್ದ ಬಾಗಿಲಿಗೆ ಅದರದೇ ಕಷ್ಟವೂ ಉಂಟು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ನಿಲ್ಲಿಸಿದರೆ ಅದು ಅರ್ಧ ತೆರೆಯುವುದೂ ಅನುಮಾನ. ಇಷ್ಟು ವಿಶಾಲ ಜಾಗದಲ್ಲಿ ಒರಗಿ ಕೂತವರು ಬೆಲ್ಟ್ ಹಾಕಿಕೊಳ್ಳುವುದನ್ನೂ ಮರೆಯುತ್ತಾರೆ; ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ, ತಪ್ಪಿದರೆ ಕೇಂದ್ರದ ಕಾಯ್ದೆಯಲ್ಲಿ 1,000 ರೂಪಾಯಿ ದಂಡ. ದಂಡಕ್ಕಿಂತ ಮುಖ್ಯ, ಮುಂದೆ ಜಾಗ ಹೆಚ್ಚಿದ್ದಷ್ಟೂ ಅಪಘಾತದಲ್ಲಿ ದೇಹ ಚಿಮ್ಮುವ ದೂರ ಹೆಚ್ಚು.

ಹಿಂದಿನ ಸೀಟಿಗಾಗಿ ಸೆಡಾನ್ ಕೊಳ್ಳುವ ಯೋಚನೆ ಇದ್ದರೆ ಆ ಸೀಟಿನಲ್ಲಿ ದಿನವೂ ಕೂರುವವರನ್ನೇ ಶೋರೂಮಿಗೆ ಕರೆದೊಯ್ಯಿರಿ, ಅಪ್ಪನೋ ಅಮ್ಮನೋ ಅಜ್ಜಿಯೋ ಯಾರೇ ಆಗಲಿ. ಬಾಗಿಲು ಮುಚ್ಚಿ ಹತ್ತು ನಿಮಿಷ ಕೂರಿಸಿ. ಅವರ ಕಣ್ಣಿಗೆ ರಸ್ತೆ ಕಾಣುತ್ತದೆಯೇ ಕೇಳಿ. ಗಾಜು ಪೂರ್ತಿ ಇಳಿಸಿ ನೋಡಲಿ, ಪರದೆ ಎಳೆಯಲಿ, ಒಮ್ಮೆ ಯಾರ ಸಹಾಯವೂ ಇಲ್ಲದೆ ತಾವೇ ಇಳಿಯಲಿ. ಬೆಲೆಯ ಮಾತು ಅದಾದ ಮೇಲೆ.