9.1 ದೊಡ್ಡದಾ, 7.8 ದೊಡ್ಡದಾ?

ಮದುವೆ ಮನೆಗೆ ಹೋದರೆ ಯಾರಾದರೂ ಕೇಳೇ ಕೇಳ್ತಾರೆ, "ಸಿಜಿಪಿಎ ಎಷ್ಟಪ್ಪಾ?" ನಾವು 7.8 ಅಂತೀವಿ. ಬೇರೆ ವಿಶ್ವವಿದ್ಯಾಲಯದಲ್ಲಿ ಓದ್ತಿರೋ ಚಿಕ್ಕಪ್ಪನ ಮಗ 9.1 ಅಂತಾನೆ. ಅಲ್ಲಿಗೆ ನಮ್ಮ ಕಥೆ ಮುಗೀತು! ಆದರೆ ಈ ಎರಡು ಅಂಕಿಗಳನ್ನು ಹೋಲಿಸೋ ಮುಂಚೆ ಮೂರು ಪ್ರಶ್ನೆ ಕೇಳಬೇಕು: ಸಿಲಬಸ್ ಮಾಡಿದವರು ಯಾರು, ಪ್ರಶ್ನೆಪತ್ರಿಕೆ ತೆಗೆದವರು ಯಾರು, ಗ್ರೇಡ್ ಕೊಟ್ಟಿದ್ದು ಹೇಗೆ?

ಬೆಳಗಾವಿಯ ವಿಟಿಯು ಶುರುವಾಗಿದ್ದು 1998ರಲ್ಲಿ. ಅದಕ್ಕೂ ಮೊದಲು ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಮೈಸೂರು, ಬೆಂಗಳೂರು, ಕರ್ನಾಟಕ ಹೀಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಕೆಳಗಿದ್ದವು. ಈಗ ನಮ್ಮಂಥ ಸಂಯೋಜಿತ ಕಾಲೇಜುಗಳಿಗೆಲ್ಲ ಒಂದೇ ಸಿಲಬಸ್, ಸೆಮಿಸ್ಟರ್ ಕೊನೆಗೆ ಒಂದೇ ಪ್ರಶ್ನೆಪತ್ರಿಕೆ. ಇಂಟರ್ನಲ್ಸ್ 50, ಕೊನೆಯ ಪರೀಕ್ಷೆ 50. ನಮಗೆ ಪಾಠ ಮಾಡೋ ಮೇಷ್ಟ್ರಿಗೂ ಕೊನೆಯ ಪರೀಕ್ಷೆಗೆ ಏನು ಬರುತ್ತೆ ಅಂತ ಗೊತ್ತಿರಲ್ಲ. ಅದಕ್ಕೇ ನಾವು ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿಗೆ ಎರಡರಲ್ಲಿ ಒಂದು ಪ್ರಶ್ನೆ ಅನ್ನೋ ಲೆಕ್ಕದಲ್ಲಿ ಹಳೇ ಪೇಪರ್ ಹಿಡಿದು ಕೂರೋದು.

ಸ್ವಾಯತ್ತ ಕಾಲೇಜುಗಳಲ್ಲಿ ಪದವಿ ಪ್ರಮಾಣಪತ್ರ ವಿಟಿಯುದ್ದೇ. ಆದರೆ ಸಿಲಬಸ್, ಪರೀಕ್ಷೆ, ಮೌಲ್ಯಮಾಪನ ಎಲ್ಲ ಕಾಲೇಜಿನದು. ಹೊಸ ವಿಷಯ ಬೇಗ ಸೇರಿಸಬಹುದು, ತರಗತಿಯಲ್ಲಿ ಒತ್ತಿ ಹೇಳಿದ್ದು ಪೇಪರಿನಲ್ಲೂ ಬರೋ ಸಾಧ್ಯತೆ ಹೆಚ್ಚು. ಮಣಿಪಾಲದ ಮಾಹೆಯಂಥ ಡೀಮ್ಡ್ ವಿಶ್ವವಿದ್ಯಾಲಯ ಪದವಿಯನ್ನೂ ತಾನೇ ಕೊಡುತ್ತೆ. 1960ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿ 2002ರಲ್ಲಿ ಎನ್‌ಐಟಿ ಆದ ಸುರತ್ಕಲ್ ಕೂಡ ಅಷ್ಟೇ. 1917ರಲ್ಲಿ ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಶುರುವಾದ ಬೆಂಗಳೂರಿನ ಯುವಿಸಿಇ ದಶಕಗಳ ಕಾಲ ಬೆಂಗಳೂರು ವಿಶ್ವವಿದ್ಯಾಲಯದ ಭಾಗವಾಗಿದ್ದು, ಈಗ ಪ್ರತ್ಯೇಕ ಕಾಯ್ದೆಯಡಿ ತನ್ನದೇ ದಾರಿ ಹಿಡಿದಿದೆ. ಅಂದಹಾಗೆ, ನಮ್ಮದು ಬಿಇ, ಅವರದು ಬಿಟೆಕ್ ಅಂತ ತಲೆ ಕೆಡಿಸಿಕೊಳ್ಳೋರಿದ್ದಾರೆ. ಕೆಲಸಕ್ಕೂ ಮುಂದಿನ ಓದಿಗೂ ಎರಡೂ ಒಂದೇ.

ಇನ್ನು ಗ್ರೇಡ್. ವಿಟಿಯು 2022ರ ಸ್ಕೀಮಿನಲ್ಲಿ 62 ಅಂಕ ಬಂದರೆ ಬಿ ಪ್ಲಸ್, ಅಂದರೆ 7 ಪಾಯಿಂಟ್. ಪಕ್ಕದವರಿಗೆ 95 ಬಂದರೂ ಅಷ್ಟೇ, 35 ಬಂದರೂ ಅಷ್ಟೇ. ಐಐಟಿ, ಎನ್‌ಐಟಿಗಳಲ್ಲಿ ಹೆಚ್ಚಾಗಿ ಇರೋದು ಸಾಪೇಕ್ಷ ಗ್ರೇಡಿಂಗ್: ಇಡೀ ತರಗತಿಯಲ್ಲಿ ನೀವು ಎಲ್ಲಿ ನಿಂತಿದ್ದೀರಿ ಅನ್ನೋದೇ ಲೆಕ್ಕ. ಪೇಪರ್ ಕಷ್ಟ ಇದ್ದು ತರಗತಿಯ ಸರಾಸರಿ 40 ಆಗಿದ್ದರೆ, ಅದೇ 62ಕ್ಕೆ ಮೇಲಿನ ಗ್ರೇಡ್ ಸಿಗಬಹುದು. ಎಲ್ಲರೂ 85 ದಾಟಿದ್ದರೆ 80 ತೆಗೆದವರೂ ಕೆಳಗಿಳೀತಾರೆ.

ಇದರಿಂದ ನಮಗೇನು ಅಂತೀರಾ? ಪ್ಲೇಸ್‌ಮೆಂಟ್ ಫಾರ್ಮಿನಲ್ಲಿ 'ಶೇಕಡಾವಾರು' ಅಂತ ಒಂದು ಖಾನೆ ಇರುತ್ತೆ. ಅಲ್ಲಿ ಸಿಜಿಪಿಎಯನ್ನು ಸುಮ್ಮನೆ 10ರಿಂದ ಗುಣಿಸಿ ಹಾಕೋರು ಬಹಳ ಜನ. ವಿಟಿಯು 2018ರ ಸ್ಕೀಮಿನಲ್ಲಿ ಮೊದಲು 0.75 ಕಳೆಯಬೇಕಿತ್ತು. 7.5 ಇದ್ದವರ ಶೇಕಡಾವಾರು 75 ಅಲ್ಲ, 67.5. ಕಟ್-ಆಫ್ 70 ಇದ್ದರೆ, ದಾಖಲೆ ಪರಿಶೀಲನೆ ದಿನ ಆ ಏಳೂವರೆ ಅಂಕದ ವ್ಯತ್ಯಾಸಕ್ಕೆ ಕೆಲಸವೇ ಕೈತಪ್ಪಬಹುದು. ಸೂತ್ರ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕಷ್ಟೇ ಅಲ್ಲ, ಸ್ಕೀಮಿನಿಂದ ಸ್ಕೀಮಿಗೂ ಬದಲಾಗುತ್ತೆ. ಹಾಗಾಗಿ ಫಾರ್ಮ್ ತುಂಬೋ ಮುಂಚೆ ನಿಮ್ಮ ಸ್ಕೀಮಿನ ನಿಯಮಾವಳಿ ತೆಗೆದು ಒಮ್ಮೆ ಓದಿ. ಸೀನಿಯರ್ ಕೊಟ್ಟ ಸೂತ್ರ ಅವರ ಸ್ಕೀಮಿನದು.

ಮುಂದಿನ ಮದುವೆ ಮನೆಯಲ್ಲಿ ಚಿಕ್ಕಪ್ಪನ ಮಗ ಸಿಕ್ಕರೆ ಸಿಜಿಪಿಎ ಬಿಡಿ, ಈ ಸೆಮಿಸ್ಟರ್ ಲ್ಯಾಬಿನಲ್ಲಿ ಏನು ಮಾಡಿದೆ ಅಂತ ಕೇಳೋಣ. ಅವನ ಸಿಲಬಸ್ಸಿನಲ್ಲಿದ್ದು ನಮ್ಮದರಲ್ಲಿ ಇಲ್ಲದ್ದು ಏನಾದರೂ ಸಿಕ್ಕರೆ, ರಜೆಯಲ್ಲಿ ಕೂತು ಕಲಿಯಬಹುದಲ್ಲ!