ಸೀಟಿನ ಕೆಳಗಿನ ಎರಡು ಬೋಲ್ಟು

ಶಿವಮೊಗ್ಗದ ಆ ಕುಶನ್ ವರ್ಕ್ಸ್ ಅಂದರೆ ಮೇಲೊಂದು ತಗಡಿನ ಶೀಟು, ಅದರಡಿ ಒಂದು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿಟ್ಟ ರೆಗ್ಜಿನ್ ಸುರುಳಿಗಳು, ಅಷ್ಟೆ. ಮಳೆಗಾಲ ಮುಗಿಯುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರದ ಕಡೆಯ ಬೈಕುಗಳು ಸೀಟು ಹರಿದುಕೊಂಡು ಇಲ್ಲಿಗೆ ಬರುತ್ತವೆ. ಮೇಸ್ತ್ರಿ ಮೊದಲು ನೋಡುವುದು ಹರಿದ ಜಾಗವನ್ನಲ್ಲ. ಪಕ್ಕದ ಪ್ಯಾನೆಲ್ ಕಳಚಿ, ಕುಕ್ಕರುಗಾಲಿನಲ್ಲಿ ಕೂತು, ಸೀಟು ಹಿಡಿದಿರುವ ಬೋಲ್ಟಿನ ತಲೆಯನ್ನು ಬೆರಳಿನಿಂದ ಸವರುತ್ತಾರೆ. "ಮೂಲೆ ಉಳಿದಿದ್ರೆ ಐದು ನಿಮಿಷ ಸಾರ್. ಮೂಲೆ ಹೋಗಿದ್ರೆ ಗಾಡಿ ಬಿಟ್ಟು ನಾಳೆ ಬನ್ನಿ."

1985ರ ಸಿಡಿ 100, 1994ರ ಸ್ಪ್ಲೆಂಡರ್, ಆಮೇಲೆ ಅವುಗಳ ದಾರಿ ಹಿಡಿದ ಬಹುಪಾಲು ನೂರು ಸಿಸಿ ಬೈಕುಗಳಲ್ಲಿ ಸೀಟಿನ ಏರ್ಪಾಡು ಹೆಚ್ಚುಕಮ್ಮಿ ಒಂದೇ. ಸೀಟಿನ ಮುಂಭಾಗದಲ್ಲಿ ತಗಡಿನದೊಂದು ನಾಲಿಗೆ. ಅದು ಟ್ಯಾಂಕಿನ ಹಿಂದೆ ಫ್ರೇಮಿನ ಕೊಕ್ಕೆಯೊಳಗೆ ನುಗ್ಗಿ ಕೂರುತ್ತದೆ. ಹಿಂದೆ ಎಡಕ್ಕೊಂದು, ಬಲಕ್ಕೊಂದು ಬೋಲ್ಟು. ಎರಡನ್ನೂ ಬಿಚ್ಚಿ ಸೀಟನ್ನು ಹಿಂದಕ್ಕೆಳೆದರೆ ಕೈಗೆ ಬರಬೇಕು. ಬರಬೇಕು ಅನ್ನುವುದು ಪುಸ್ತಕದ ಮಾತು.

ಸೀಟು ಬಿಚ್ಚುವ ಕೆಲಸ ಏನಿರುತ್ತದೆ ಎಂದು ಕೇಳುವವರಿಗೆ: ಟ್ಯಾಂಕಿನ ಹಿಂಬದಿಯ ಬೋಲ್ಟು ಇರುವುದೇ ಸೀಟಿನಡಿ. ಟ್ಯಾಂಕ್ ತೊಳೆಯಬೇಕಾದರೂ ಮೊದಲು ಸೀಟು ಏಳಬೇಕು. ವೈರಿಂಗ್ ಹಾದುಹೋಗುವುದು ಅಲ್ಲೇ. ಮಲೆನಾಡಿನವರಿಗೆ ಇನ್ನೊಂದು ಕಾರಣವೂ ಉಂಟು. ಎರಡು ವಾರ ಕೊಟ್ಟಿಗೆಯಲ್ಲಿ ನಿಂತ ಬೈಕಿನ ಸೀಟಿನಡಿ ಇಲಿ ಸಂಸಾರ ಹೂಡುತ್ತದೆ. ಸ್ಪಂಜು ಹಾಸಿಗೆಗಾಯಿತು, ವೈರು ಹಲ್ಲಿಗಾಯಿತು.

ಇಷ್ಟು ಬೇಕಾಗುವ ಜಾಗದ ಬಾಗಿಲನ್ನು ನಾವೇ ಕೈಯಾರೆ ಮುಚ್ಚಿಕೊಳ್ಳುತ್ತೇವೆ. ಹಿಂದಿನ ಚಕ್ರ ಎರಚುವ ಕೆಸರು ನೀರು ಬೋಲ್ಟಿನ ಮರೆಗೆ (ಥ್ರೆಡ್‌ಗೆ) ಇಳಿದು ತುಕ್ಕಾಗುತ್ತದೆ, ಅದು ಮೊದಲನೆಯದು. ಎರಡನೆಯದು ಸ್ಪ್ಯಾನರಿನ ಕಥೆ. ಜಪಾನಿ ಅಳತೆಯ 8 ಎಂ.ಎಂ. ಬೋಲ್ಟಿನ ತಲೆ 12 ಎಂ.ಎಂ.; ಐಎಸ್‌ಒ ಅಳತೆಯದಾದರೆ 13. ಒಂದೇ ಒಂದು ಮಿಲಿಮೀಟರ್. ಕೈಗೆ ಸಿಕ್ಕ 13ರ ಸ್ಪ್ಯಾನರನ್ನು 12ರ ತಲೆಗೆ ಹಾಕಿ ಒತ್ತಿದರೆ ಆರು ಮೂಲೆಯ ಬೋಲ್ಟು ಗುಂಡಗಾಗುತ್ತದೆ. ನನ್ನ ಬೈಕಿನ ಎಡಗಡೆಯದನ್ನು ಹಾಗೆ ಗುಂಡಗೆ ಮಾಡಿ ಕಳಿಸಿದ್ದು ಒಂದು ಸರ್ವಿಸ್ ಅಂಗಡಿ. ಹೆಸರು ಬೇಡ, ಬಿಲ್ಲಿನಲ್ಲಿ 'ಜನರಲ್ ಚೆಕಪ್' ಎಂದು ಬರೆದಿದ್ದರು. ಮೇಸ್ತ್ರಿ ಅದಕ್ಕೊಂದು ನಟ್ಟು ವೆಲ್ಡ್ ಮಾಡಿಸಿ ತಿರುಗಿಸಿ ತೆಗೆದರು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ವೈರು ಕಳಚಿ, ಟ್ಯಾಂಕಿಗೆ ಒದ್ದೆ ಗೋಣಿಚೀಲ ಹೊದಿಸಿದ್ದನ್ನು ನೋಡಿದಾಗ ಈ ಮನುಷ್ಯನ ಮೇಲೆ ನನಗೆ ನಂಬಿಕೆ ಹುಟ್ಟಿತು.

ಮೂರನೆಯ ತಪ್ಪು ಕುಶನ್ ಅಂಗಡಿಗಳದ್ದೇ. ಇದನ್ನು ಮೇಸ್ತ್ರಿಯೇ ನಗುತ್ತಾ ಒಪ್ಪಿಕೊಂಡರು. ಗಿರಾಕಿ ಮೆತ್ತಗಿರಲಿ ಅನ್ನುತ್ತಾನೆ, ಅರ್ಧ ಇಂಚು ಫೋಮ್ ಸೇರಿಸುತ್ತಾರೆ, ದಪ್ಪ ರೆಗ್ಜಿನ್ ಎಳೆದು ನಾಲಿಗೆಯ ಬುಡದಲ್ಲೇ ನಾಲ್ಕು ಮಡಿಕೆ ಮಡಚಿ ಪಿನ್ ಹೊಡೆಯುತ್ತಾರೆ. ಆಮೇಲೆ ಸೀಟು ಮುಂದಕ್ಕೆ ಹೋಗುವುದಿಲ್ಲ, ಬೋಲ್ಟಿನ ತೂತು ತೂತಿಗೆ ಹೊಂದುವುದಿಲ್ಲ. ಒಬ್ಬ ಸೀಟಿನ ಮೇಲೆ ಕೂತು ಒತ್ತಬೇಕು, ಇನ್ನೊಬ್ಬ ಬೋಲ್ಟು ಕೂರಿಸಬೇಕು. ಓರೆಯಾಗಿ ಹೊಕ್ಕ ಬೋಲ್ಟು ಮರೆಯನ್ನು ತಿಂದುಹಾಕುತ್ತದೆ.

ಹಾಗಾಗಿ ಇವರ ಅಂಗಡಿಯಲ್ಲಿ ಸೀಟು ಹೊಲಿಸುವವರಿಗೆ ಒಂದು ಬಿಟ್ಟಿ ಕೆಲಸ ಸಿಗುತ್ತದೆ. ನಾಲಿಗೆಯ ಸುತ್ತ ಬೆರಳಗಲ ಜಾಗದಲ್ಲಿ ಫೋಮ್ ಕೆತ್ತಿ ತೆಗೆಯುತ್ತಾರೆ. ರೆಗ್ಜಿನ್ ಅಲ್ಲಿ ಒಂದೇ ಪದರ. ಫ್ರೇಮಿನ ಮರೆಗೆ ಟ್ಯಾಪ್ ಇಳಿಸಿ ತುಕ್ಕು ಕೆರೆದು ಹೊಸ ಬೋಲ್ಟು ಹಾಕುತ್ತಾರೆ. ಆ ಬೋಲ್ಟಿನ ತುದಿಯನ್ನು ಗ್ರೈಂಡರಿಗೆ ಹಿಡಿದು ಪೆನ್ಸಿಲಿನ ಹಾಗೆ ಸ್ವಲ್ಪ ಚೂಪು ಮಾಡುವುದೇ ಇಡೀ ಕೆಲಸದ ಗುಟ್ಟು. ಚೂಪು ತುದಿ ತೂತನ್ನು ತಾನೇ ಹುಡುಕಿಕೊಳ್ಳುತ್ತದೆ. ಒಂದು ಸ್ಪ್ರಿಂಗ್ ವಾಷರ್, ಬೆರಳ ತುದಿಯಷ್ಟು ಗ್ರೀಸು, ಮುಗಿಯಿತು. ಎರಡೂ ಬೋಲ್ಟನ್ನು ಮೊದಲು ಕೈಯಲ್ಲೇ ಮೂರು ಸುತ್ತು ತಿರುಗಿಸಿ ಆಮೇಲೆ ಸ್ಪ್ಯಾನರ್ ಮುಟ್ಟುತ್ತಾರೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಕೈ ಹಾಕಿದರೆ ಅದು ಎಂದೂ ಸಲೀಸಾಗಿ ಕೂರದು.

ಇನ್ನೂ ಸುಲಭ ಬೇಕು ಅನ್ನುವವರಿಗೆ ಬೋಲ್ಟಿನ ಬದಲು ಕೈಯಲ್ಲೇ ತಿರುಗಿಸುವ ಪ್ಲಾಸ್ಟಿಕ್ ತಲೆಯ ನಾಬ್ ಇದೆ. ನೋಡಲು ಚೆಂದ. ಆದರೆ ಒಂಟಿ ಸಿಲಿಂಡರಿನ ನಡುಕಕ್ಕೆ ಅದು ಸಡಿಲವಾಗುತ್ತದೆ, ಬಸ್ ಸ್ಟ್ಯಾಂಡಿನ ಪಾರ್ಕಿಂಗಿನಲ್ಲಿ ನಿಮಗೆ ಸುಲಭವಾದದ್ದು ಕಳ್ಳನಿಗೂ ಸುಲಭ. ಬೀಗವಿರುವ ಪ್ಯಾನೆಲಿನ ಒಳಗಾದರೆ ಸರಿ. ಕೆಲವರು ಸೀಟಿನ ಪಟ್ಟಿಯಲ್ಲಿರುವ ತೂತನ್ನು ಮುಂದಕ್ಕೆ ಸೀಳಿಸುತ್ತಾರೆ. ಬೋಲ್ಟು ಎರಡು ಸುತ್ತು ಸಡಿಲಿಸಿದರೆ ಸಾಕು, ಪೂರ್ತಿ ತೆಗೆಯದೆಯೇ ಸೀಟು ಹಿಂದಕ್ಕೆ ಜಾರುತ್ತದೆ. ಬ್ರೇಕ್ ಹಾಕಿದಾಗ ಮೈಭಾರ ಮುಂದಕ್ಕೆ ಬೀಳುವುದರಿಂದ ಸೀಟು ಬೋಲ್ಟಿಗೆ ಒತ್ತಿಯೇ ಇರುತ್ತದೆ, ಭಯವಿಲ್ಲ. ಘಾಟಿ ಏರುವಾಗ ಹಿಂದೆ ಕೂತವರ ಭಾರ ಹಿಂದಕ್ಕೆಳೆಯುತ್ತದಲ್ಲ, ಆಗ? ಮೇಸ್ತ್ರಿ ಒಂದು ಕಡೆ, ಎಡಗಡೆ, ಮಾತ್ರ ಸೀಳುತ್ತಾರೆ. ಇನ್ನೊಂದು ಕಡೆ ತೂತು ತೂತಾಗಿಯೇ ಇರಬೇಕು. ಎರಡೂ ಕಡೆ ಸೀಳಿ ಎಂದು ಹಟ ಹಿಡಿದವರನ್ನು ವಾಪಸ್ ಕಳಿಸಿದ್ದುಂಟಂತೆ.

ಎಡಗಡೆಯದನ್ನು ಯಾಕೆ ಸೀಳುತ್ತಾರೆ ಎಂಬುದಕ್ಕೆ ಉತ್ತರ ಸೀರೆ ಗಾರ್ಡು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಲೇಬೇಕು ಎನ್ನುತ್ತದೆ. ಒಳ್ಳೆಯ ನಿಯಮ, ಎಷ್ಟೋ ಸೆರಗುಗಳನ್ನು ಉಳಿಸಿದೆ. ಆದರೆ ಕೆಲವು ಗಾಡಿಗಳಲ್ಲಿ ಆ ಗಾರ್ಡಿನ ಕಂಬಿಗಳ ಸಂದಿಯಲ್ಲಿ ರಿಂಗ್ ಸ್ಪ್ಯಾನರ್ ಕಾಲು ಸುತ್ತೂ ತಿರುಗುವುದಿಲ್ಲ.

ಬೇರೆಯವರು ಸೀಟನ್ನು ಬಾಗಿಲಿನ ಹಾಗೆ ಯೋಚಿಸಿದ್ದರು. 1969ರ ಹೋಂಡಾ ಸಿಬಿ 750ಯ ಸೀಟಿಗೆ ಪಕ್ಕದಲ್ಲಿ ಕೀಲು. ಚಿಲಕ ಎತ್ತಿದರೆ ಪೆಟ್ಟಿಗೆಯ ಮುಚ್ಚಳದಂತೆ ತೆರೆಯುತ್ತದೆ. ಅದೇ ಕಾಲದ ಬಿಎಂಡಬ್ಲ್ಯು ಬೈಕುಗಳದ್ದೂ ಪಕ್ಕಕ್ಕೆ ತೆರೆಯುವ ಸೀಟು, ಅದರಡಿ ಟೂಲ್ ಇಡುವ ತಟ್ಟೆ. ನಮ್ಮ ಸ್ಕೂಟರುಗಳಿಗೆ ಈ ಭಾಗ್ಯ ಸಿಕ್ಕಿದೆ, ಬಡ ನೂರು ಸಿಸಿಗೆ ಎರಡು ಬೋಲ್ಟೇ ಗತಿ. ಅಗ್ಗ, ಕಿರುಗುಟ್ಟುವುದಿಲ್ಲ, ಕಳುವಾಗುವುದಿಲ್ಲ ಎಂಬ ಲೆಕ್ಕ ಕಂಪನಿಗಳದ್ದು. ಅದರಲ್ಲಿ ತಪ್ಪೂ ಇಲ್ಲ. ಆದರೆ 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಬಹುಪಾಲು ಬೈಕುಗಳಲ್ಲಿ ಕಾರ್ಬ್ಯುರೇಟರು ಹೋಗಿ ಇಂಜೆಕ್ಷನ್ ಬಂತು, ಪೆಟ್ರೋಲ್ ಪಂಪು ಟ್ಯಾಂಕಿನೊಳಗೆ ಸೇರಿತು. ಅದನ್ನು ನೋಡಬೇಕೆಂದರೂ ಟ್ಯಾಂಕ್ ಇಳಿಸಬೇಕು, ಟ್ಯಾಂಕ್ ಇಳಿಯಲು ಸೀಟು ಏಳಬೇಕು.

ನನ್ನ ಸೀಟು ಕೂರಿಸಿ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಮೇಸ್ತ್ರಿ ಹೇಳಿದರು: "ಒಂದು 12ರ ರಿಂಗ್ ಸ್ಪ್ಯಾನರ್ ತಗೊಂಡು ಗಾಡಿಯಲ್ಲೇ ಇಟ್ಕೊಳ್ಳಿ ಸಾರ್."

"ಇಟ್ಟಿದೀನಲ್ಲ."

"ಎಲ್ಲಿ?"

ಸೀಟಿನ ಕೆಳಗೆ, ಎಂದೆ. ಅವರು ಏನೂ ಮಾತಾಡದೆ ಬಲಗಡೆಯ ಬೋಲ್ಟಿಗೆ ಮತ್ತೆ ಸ್ಪ್ಯಾನರ್ ಹಾಕಿದರು.